ಏಳನೇ ಯಂತ್ರ – ಕಾಣೆ

ಧಾರವಾಡದಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳುವ ಪರಿಚಯದವರೊಬ್ಬರು ಎರಡು ತಿಂಗಳ ಹಿಂದೆ ಮನೆಗೆ ಬಂದಿದ್ದರು. "ಸರ್, ನೀವು ಮಸ್ಕತ್‌ನಾಗ ಏನ್ ಕೆಲಸಾ ಮಾಡ್ತಿದ್ರಿ ಅನ್ನೋದನ್ನ ನಮ್ಮ ಹುಡುಗರಿಗೆ ಒಂದೀಟು ಬರದು ಕೊಡ್ರಿ. ಇವರೂ ನಾಳೆ ಸರ್ವರ್ ನೋಡ್ಕೊಳ್ಳೋ ಕೆಲಸಕ್ಕ ಹೋಗೋರು" ಎಂದರು. ಒಪ್ಪಿಕೊಂಡೆ. ನಾಲ್ಕು ಪುಟ ಬರೆದೆ, ಓದಿದೆ, ಹರಿದು ಹಾಕಿದೆ. ಬರೆದದ್ದರಲ್ಲಿ ಸುಳ್ಳೇನೂ ಕಾಣಲಿಲ್ಲ. ಆದರೆ ಆ ನಾಲ್ಕು ಪುಟಗಳಲ್ಲಿ ನಾನು ಎಲ್ಲಿಯೂ ತಪ್ಪು ಮಾಡಿರಲಿಲ್ಲ. ಅಲ್ಲೇ ನನಗೆ ಅನುಮಾನ ಬಂತು.

ಮರುದಿನ ಟ್ರಂಕ್ ತೆಗೆದು ಆ ವರ್ಷಗಳ ಡೈರಿಗಳನ್ನು ಹೊರಗಿಟ್ಟೆ. ಅವುಗಳ ನಡುವೆ ಹಸಿರು ರಟ್ಟಿನ ಒಂದು ಉದ್ದನೆಯ ನೋಟ್‌ಬುಕ್ಕೂ ಇತ್ತು. ಅದು ಕಚೇರಿಯದು, ನನ್ನೊಂದಿಗೆ ಬರಬಾರದಿತ್ತು, ಬಂದಿದೆ. ಈಗ ಬರೆಯುತ್ತಿರುವುದು ಇವನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು. ನೆನಪು ಒಂದು, ಡೈರಿ ಇನ್ನೊಂದು ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ಮೊದಲು ಕೆಲಸದ ವಿಷಯ. ಮಸ್ಕತ್‌ನ ಅಲ್ ಅಜೈಬಾದಲ್ಲಿದ್ದ ನಮ್ಮದು ಅಂತರ್ಜಲದ ಅಧ್ಯಯನ ಮಾಡುವ ಸಣ್ಣ ಸಂಸ್ಥೆ. ಯಾವ ಊರಿನ ಬಾವಿಯ ನೀರು ಎಷ್ಟು ಇಳಿದಿದೆ, ಇನ್ನು ಹತ್ತು ವರ್ಷಕ್ಕೆ ಎಲ್ಲಿರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ಹೇಳುತ್ತಿದ್ದರು. ನಾನು ಸೇರಿದಾಗ ಒಬ್ಬೊಬ್ಬ ಎಂಜಿನಿಯರ್‌ಗೆ ಒಂದೊಂದು ಕಬ್ಬಿಣದ ಡಬ್ಬಿ ಇತ್ತು. ಕೆಲವು ವರ್ಷಗಳ ಮೇಲೆ ವರ್ಚುವಲ್ ಯಂತ್ರಗಳು ಬಂದವು. ಒಂದೇ ದೊಡ್ಡ ಲಿನಕ್ಸ್ ಸರ್ವರ್; ಅದರ ಹೊಟ್ಟೆಯೊಳಗೆ ಹತ್ತು ಹನ್ನೆರಡು ಕಂಪ್ಯೂಟರುಗಳು. ಅವಕ್ಕೆ ಮೈಯಿಲ್ಲ, ಅವು ಡಿಸ್ಕಿನ ಮೇಲಿನ ಫೈಲುಗಳಷ್ಟೇ. ಆದರೆ ಒಳಗೆ ಕೂತು ಕೆಲಸ ಮಾಡುವವನಿಗೆ ತನ್ನದೇ ಸ್ವಂತ ಯಂತ್ರ ಇದ್ದ ಹಾಗೆ. ಯಾರು ಯಾವ ಯಂತ್ರವನ್ನು ನೋಡಬಹುದು, ಯಾರು ಹಚ್ಚಬಹುದು, ಯಾರು ಆರಿಸಬಹುದು, ಯಾರು ಅದನ್ನು ಇಲ್ಲವಾಗಿಸಬಹುದು ಎಂದು ನಿರ್ಧರಿಸಿ ಸರ್ವರ್‌ಗೆ ಹೇಳುವುದು ನನ್ನ ಕೆಲಸ. ಹತ್ತು ವರ್ಷ ಅದನ್ನೇ ಮಾಡಿದೆ. ಮನೆಯಲ್ಲಿ ಇದನ್ನು ವಿವರಿಸಲು ಹೋದಾಗ ನನ್ನ ಹೆಂಡತಿ ಸುವರ್ಣಾ ಒಂದೇ ಮಾತಿನಲ್ಲಿ ಮುಗಿಸಿದ್ದಳು: "ಅಂದ್ರ ಕೀಲಿಕೈ ಕಾಯೋದು ಅನ್ರಿ."

ನನ್ನ ಮೇಲಿನವರು ಉಸ್ತಾದ್ ನಾಸರ್. ನಿಜ್ವಾದಿಂದ ಆಚೆಗಿನ ಹಳ್ಳಿಯ ಒಮಾನಿ; ಅವರ ಅಜ್ಜ ಊರಿನ ಫಲಜ್ ನೋಡಿಕೊಳ್ಳುತ್ತಿದ್ದವರು. ಫಲಜ್ ಎಂದರೆ ಬೆಟ್ಟದ ಬುಡದ ನೀರನ್ನು ಊರೊಳಗೆ ತರುವ ಕಾಲುವೆ. ನಾನು ಸೇರಿದ ಮೊದಲ ವಾರ, ಯಾರಿಗೆ ಏನೇನು ಅಧಿಕಾರ ಎಂದು ಅಚ್ಚುಕಟ್ಟಾಗಿ ಟೈಪ್ ಮಾಡಿದ ಹಾಳೆಯೊಂದನ್ನು ಅವರ ಮುಂದಿಟ್ಟೆ. ಅವರು ಅದನ್ನು ಬದಿಗೆ ಸರಿಸಿ, "ಫಲಜ್ ನೋಡಿದ್ದೀಯಾ?" ಎಂದು ಕೇಳಿದರು. ಇಲ್ಲ ಎಂದೆ. ಗುರುವಾರ ತಮ್ಮ ಕಾರಿನಲ್ಲಿ ಊರಿಗೇ ಕರೆದುಕೊಂಡು ಹೋದರು.

ಕಾಲುವೆ ಊರು ಮುಟ್ಟುವ ಜಾಗದಲ್ಲಿ ಮೆಟ್ಟಿಲುಗಳಿದ್ದವು. ಅಲ್ಲಿ ಯಾರು ಬೇಕಾದರೂ ಬೊಗಸೆಯೊಡ್ಡಿ ಕುಡಿಯಬಹುದು, ಕೊಡ ತುಂಬಬಹುದು. ಅಲ್ಲಿಂದ ಕೆಳಗೆ ಸ್ನಾನದ ಜಾಗ. ಅದರ ಕೆಳಗೆ ಖರ್ಜೂರದ ತೋಟಗಳು. ತೋಟದ ಬಾಯಿಗೆ ಕಲ್ಲು, ಬಟ್ಟೆ ತುರುಕಿ ಮುಚ್ಚಿರುತ್ತಾರೆ. ಸರದಿ ಯಾರದೋ ಅವನು ಮಾತ್ರ ತೆಗೆಯಬಹುದು.

"ಕುಡಿಯೋಕೆ ಯಾರನ್ನೂ ಕೇಳಬೇಕಿಲ್ಲ. ನೀರು ತಿರುಗಿಸೋಕೆ ಎಲ್ಲರನ್ನೂ ಕೇಳಬೇಕು," ಎಂದರು ನಾಸರ್. "ನಿನ್ನ ಹಾಳೆ ಇಷ್ಟು ಹೇಳಿದರೆ ಸಾಕು."

ನಾನು ಜಾಣತನ ತೋರಿಸಲು ಕೇಳಿದೆ, "ಸರದಿ ನೋಡಿಕೊಳ್ಳುವವನಿಗೂ ತೋಟ ಇರುತ್ತದಾ?"

"ಇರುತ್ತದೆ. ಅದಕ್ಕೇ ಅವನನ್ನು ಊರೆಲ್ಲ ನೋಡುತ್ತಾ ಇರುತ್ತದೆ," ಎಂದು ನಕ್ಕರು.

ಅವತ್ತಿನ ಡೈರಿಯಲ್ಲಿ ಮೊದಲ ಮಾತು ಮಾತ್ರ ಇದೆ. ಎರಡನೆಯದನ್ನು ನಾನು ಬರೆದುಕೊಂಡಿರಲಿಲ್ಲ. ಅದು ನೆನಪಿನಲ್ಲಷ್ಟೇ ಉಳಿದಿದೆ, ಆದ್ದರಿಂದ ಎಷ್ಟು ನಿಜವೋ ಹೇಳಲಾರೆ.

ನಾಸರ್ ಅಷ್ಟು ಹೇಳಿಕೊಟ್ಟರೂ ಲಿನಕ್ಸ್ ನನಗೆ ಬೇರೆ ಪಾಠ ಕಲಿಸಿತು. ಒಬ್ಬನಿಗೆ ಯಂತ್ರಗಳ ಅಧಿಕಾರ ಕೊಡಬೇಕಾದರೆ ಅವನ ಹೆಸರನ್ನು ಒಂದು ಗುಂಪಿಗೆ ಸೇರಿಸುತ್ತಿದ್ದೆವು. ಸೇರಿಸುವ ಆಜ್ಞೆಯಲ್ಲಿ ಒಂದು ಸಣ್ಣ 'ಎ' ಅಕ್ಷರ ಬರುತ್ತದೆ. ಅದು ಇದ್ದರೆ, ಇದ್ದ ಗುಂಪುಗಳ ಜೊತೆಗೆ ಇದನ್ನೂ ಸೇರಿಸು ಎಂದರ್ಥ. ಅದನ್ನು ಮರೆತರೆ, ಉಳಿದೆಲ್ಲ ಗುಂಪುಗಳಿಂದ ಕಿತ್ತುಹಾಕಿ ಇದೊಂದರಲ್ಲೇ ಇರಿಸು ಎಂದರ್ಥ. ನಮ್ಮ ಕನ್ನಡದಲ್ಲಿ 'ಅ' ಹಚ್ಚಿದರೆ ನ್ಯಾಯ ಅನ್ಯಾಯವಾಗುತ್ತದೆ. ಅಲ್ಲಿ ಅದನ್ನು ಬಿಟ್ಟರೆ ಅನ್ಯಾಯ. ನಾನು ಬಿಟ್ಟದ್ದು ಸಾಕ್ಷಾತ್ ಜನರಲ್ ಮ್ಯಾನೇಜರ್ ಸಾಹೇಬರ ಹೆಸರಿಗೆ. ಹತ್ತು ನಿಮಿಷದಲ್ಲಿ ಬುಲಾವ್ ಬಂತು. ಸಾಹೇಬರು ಲಖನೌ ಕಡೆಯವರು, ಸಿಟ್ಟು ಬಂದಷ್ಟೂ ಭಾಷೆ ಮೃದುವಾಗುತ್ತಿತ್ತು. "ಹಿರೇಮಠ್ ಸಾಹಬ್, ಕಚೇರಿಯ ಎಲ್ಲ ಯಂತ್ರ ಆರಿಸುವ ಅಧಿಕಾರ ನನಗಿದೆಯಂತೆ. ನನ್ನ ಸ್ವಂತ ರಿಪೋರ್ಟ್ ತೆರೆಯುವ ಅಧಿಕಾರವನ್ನೂ ದಯಪಾಲಿಸುತ್ತೀರಾ?" ಎಂದು ಹಿಂದಿಯಲ್ಲಿ ಕೇಳಿದರು.

ತಲೆತಗ್ಗಿಸಿ ಹೊರಗೆ ಬಂದರೆ, ಬಾಗಿಲ ಪಕ್ಕದ ಮೇಜಿನಿಂದ ಪ್ರಭಾಕರ ಶೆಟ್ಟರು ಮೆಲ್ಲಗೆ ಕರೆದರು: "ಎಂತ ಮಠ್ರೆ, ಕಿರೀಟ ಇಡ್ಲಿಕ್ಕೆ ಹೋಗಿ ಪಂಚೆ ಎಳೆದ್ರಂತೆ?"

ಇವರ ಬಗ್ಗೆ ಬರೆಯಲಿಕ್ಕೇ ನಾನು ಕೂತದ್ದು ಎಂದು ಈಗ ಅನ್ನಿಸುತ್ತಿದೆ.

ಶೆಟ್ಟರು ಉಡುಪಿ ಕಡೆಯವರು. ಮನೆಮಾತು ತುಳು. ಅಂತರ್ಜಲದ ಮಾದರಿ ಮಾಡುವುದರಲ್ಲಿ ನಮ್ಮಲ್ಲಿ ಅವರಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ. ನಾನು ಅವರಿಗೆ "ಶೆಟ್ರ", ಅವರು ನನಗೆ "ಮಠ್ರೆ". ನಾನು 'ಮಾಡೀನ್ರಿ' ಅಂದರೆ ಅವರು ಹಾಗೆಯೇ ಅಣಕಿಸುವುದು, ಅವರು 'ಉಂಟು' ಅಂದರೆ ನಾನು ಊಟಕ್ಕೆ ಏಳುವುದು. ಅವರ ಹೆಂಡತಿ ಮಾಲತಿ ಮತ್ತು ಮೂರು ವರ್ಷದ ಮಗಳು ಊರಿನಲ್ಲಿದ್ದರು. ಕುಟುಂಬವನ್ನು ಕರೆಸಿಕೊಳ್ಳಲು ಸಂಸ್ಥೆ 'ಫ್ಯಾಮಿಲಿ ಸ್ಟೇಟಸ್' ಕೊಡಬೇಕು. ಅದು ಆ ವರ್ಷ ಬರುವುದಿತ್ತು. ನಮ್ಮ ಬಾಲ್ಕನಿಗೆ ಎದುರಾಗಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ಅವರು ಒಂದು ಫ್ಲ್ಯಾಟ್ ನೋಡಿಟ್ಟಿದ್ದರು. ಒಂದು ದಿನ ನನ್ನನ್ನು ಆ ಖಾಲಿ ಫ್ಲ್ಯಾಟಿಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲಿಸಿದರು. "ನೋಡಿ, ಸ್ಕೂಲ್ ಬಸ್ ನಿಲ್ಲುವುದು ಇಲ್ಲೇ ಕೆಳಗೆ. ಮಾಲತಿ ಕಾವಲಿ ಮೇಲಿನ ದೋಸೆ ಬಿಟ್ಟು ಓಡ್ಬೇಕು ಅಂತ ಇಲ್ಲ. ಇಲ್ಲಿಂದಲೇ ಕಾಣ್ತದೆ." ಮಗಳು ಶಾಲೆಗೆ ಸೇರಲು ಇನ್ನೂ ಒಂದು ವರ್ಷ ಇತ್ತು. ಬಸ್ಸು ಆಗಲೇ ಅವರಿಗೆ ಕಾಣುತ್ತಿತ್ತು.

ಶುಕ್ರವಾರ ರಜೆ. ಬೆಳಿಗ್ಗೆ ಅವರ ಹಳೆಯ ಕಾರಿನಲ್ಲಿ ಮತ್ರಾದ ಮೀನುಮಾರುಕಟ್ಟೆಗೆ ಹೋಗುತ್ತಿದ್ದೆವು. ನಾನು ಮೀನು ತಿನ್ನುವವನಲ್ಲ. ಮೂಗಿಗೆ ಕರವಸ್ತ್ರ ಹಿಡಿದು ಅವರ ಹಿಂದೆ ನಡೆಯುತ್ತಿದ್ದೆ. ಅವರು ಒಂದೊಂದರ ಕಿವಿರು ಎತ್ತಿ ನೋಡಿ, ಮಾರುವ ಒಮಾನಿಗಳ ಜೊತೆ ಅರ್ಧ ಅರಬ್ಬಿ ಅರ್ಧ ಉರ್ದುವಿನಲ್ಲಿ ಜಗಳವಾಡಿ, ಕೊನೆಗೆ ಅಪ್ಪಿಕೊಳ್ಳುವಷ್ಟು ದೋಸ್ತರಾಗಿ ಹೊರಬರುತ್ತಿದ್ದರು. ಒಂದು ಶುಕ್ರವಾರ ಮೂರು ಸುತ್ತು ಹುಡುಕಿದರು. ಕೊನೆಗೆ ಕೈಚೆಲ್ಲಿ, "ಇಲ್ಲಿ ಕಾಣೆಯೇ ಕಾಣೆ ಮಾರಾಯ್ರೆ!" ಎಂದು ತಾವೇ ಜೋರಾಗಿ ನಕ್ಕರು. ನಾನೂ ನಕ್ಕೆ. ಡೈರಿಯಲ್ಲಿ ಹೀಗಿದೆ: "ಶೆಟ್ಟರು ಬಹಳ ನಕ್ಕರು. ಏನು ಕಾಣೆಯಾಗಿತ್ತೋ ತಿಳಿಯಲಿಲ್ಲ. ಕೇಳಲಿಲ್ಲ."

ಮಧ್ಯಾಹ್ನ ನಮ್ಮಲ್ಲೇ ಊಟ. ಸುವರ್ಣಾ ರೊಟ್ಟಿ, ಎಣಗಾಯಿ ಮಾಡುತ್ತಿದ್ದಳು. ಶೆಟ್ಟರು ತಮ್ಮ ರೂಮಿನಲ್ಲಿ ಹುರಿದ ಮೀನನ್ನು ಡಬ್ಬಿಯಲ್ಲಿ ತರುತ್ತಿದ್ದರು, ಆದರೆ ನಮ್ಮ ಅಡುಗೆಮನೆಗೆ ಒಯ್ಯುತ್ತಿರಲಿಲ್ಲ. ಬಾಲ್ಕನಿಯಲ್ಲಿ ಅವರಿಗಾಗಿಯೇ ಇಟ್ಟ ನೀಲಿ ಅಂಚಿನ ತಟ್ಟೆಯಲ್ಲಿ ಹಾಕಿಕೊಂಡು, ಎದುರಿನ ಕಟ್ಟಡದ ಆ ಖಾಲಿ ಕಿಟಕಿಯನ್ನು ನೋಡುತ್ತ ತಿನ್ನುತ್ತಿದ್ದರು. "ಒಳಗ ಬರ್ರಿ ಶೆಟ್ರ, ಬಿಸಿಲದ," ಎಂದು ಸುವರ್ಣಾ ಕೂಗುವಳು. "ಇಲ್ಲ ಅಕ್ಕ, ನನ್ನ ಮನೆಯಲ್ಲೇ ಕೂತಿದ್ದೇನೆ," ಎಂದು ಎದುರಿಗೆ ಕೈ ತೋರಿಸುವರು. ನಮ್ಮ ಮಗಳು ಅನಘಾ ಹತ್ತನೇ ತರಗತಿ. ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವಳು; ಅವರು ಅದಕ್ಕೆ ತುಳುವಿನಲ್ಲಿ ಮರುಪ್ರಶ್ನೆ ಹಾಕುವರು.

ಈಗ ನೋಟ್‌ಬುಕ್ಕಿನ ವಿಷಯ. ಆ ಕಾಲದ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಈ ಯಂತ್ರ ನಿನ್ನದು, ಆ ಯಂತ್ರ ಅವನದು ಎಂದು ಬಿಡಿಬಿಡಿಯಾಗಿ ಅಧಿಕಾರ ಕೊಡಲು ನಮಗೆ ದಾರಿ ಇರಲಿಲ್ಲ. ಗುಂಪಿಗೆ ಸೇರಿಸಿದರೆ ಎಲ್ಲ ಯಂತ್ರಗಳೂ ಅವನ ಕೈಗೆ ಬಂದಂತೆ. ಸೇರಿಸದಿದ್ದರೆ ತನ್ನದೇ ಯಂತ್ರವನ್ನು ಹಚ್ಚಲೂ ನನ್ನ ಹತ್ತಿರ ಬರಬೇಕು. ಶೆಟ್ಟರು ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು. ನಾಸರ್‌ಗೆ ಮನಸ್ಸಿರಲಿಲ್ಲ, ನಾನೇ ಹಟ ಮಾಡಿ ಶೆಟ್ಟರನ್ನು ಗುಂಪಿಗೆ ಸೇರಿಸಿದೆ. ಸಾಹೇಬರು ಆ ಗುಂಪಿನಿಂದ ತಮ್ಮ ಹೆಸರನ್ನು ಅವತ್ತೇ ತೆಗೆಸಿದ್ದರು. ಹಾಗಾಗಿ ಅಷ್ಟೂ ಯಂತ್ರಗಳ ಮೇಲೆ ಪೂರ್ಣ ಅಧಿಕಾರ ಇಬ್ಬರಿಗೇ: ನನಗೆ ಮತ್ತು ಶೆಟ್ಟರಿಗೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯಲೆಂದು ಹಸಿರು ನೋಟ್‌ಬುಕ್ ಇಟ್ಟೆವು. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೆವು. ಅದಕ್ಕೆ ಕಾರಣ ಭಾಷಾಭಿಮಾನ ಅಲ್ಲ. ಸಾಹೇಬರ ಬಗ್ಗೆ ನಡುನಡುವೆ ಎರಡು ಮಾತು ಬರೆಯಲು ಅನುಕೂಲ ಎಂದು. ಎಡಗಡೆ ಯಂತ್ರದ ಸಂಖ್ಯೆ, ಬಲಗಡೆ ಅದರ ಸ್ಥಿತಿ: "೩ – ನಿಂತಿದೆ", "೪ – ಓಡುತ್ತಿದೆ", "೫ – ಖಾಲಿ".

ಆ ವರ್ಷದ ಬೇಸಿಗೆಯಲ್ಲಿ ಹಳೆಯ ಸರ್ವರ್‌ನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುತ್ತಿದ್ದೆವು. ಯಂತ್ರಗಳ ಫೈಲುಗಳನ್ನು ನಾನು ಆಗಲೇ ಒಯ್ದಿದ್ದೆ. ಜನರ ಹೆಸರುಗಳನ್ನು ಹೊಸ ಸರ್ವರ್‌ನಲ್ಲಿ ಒಂದೊಂದಾಗಿ ನೋಂದಾಯಿಸುವುದು ಇನ್ನೂ ಅರ್ಧಕ್ಕೇ ನಿಂತಿತ್ತು. ಇಲ್ಲೊಂದು ಸೂಕ್ಷ್ಮ ಇದೆ, ಎಳೆಯರು ಗಮನಿಸಬೇಕು. ಲಿನಕ್ಸ್‌ಗೆ ಮನುಷ್ಯರ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಫೈಲಿನ ಒಡೆಯ ಎಂದು ಅದು ಬರೆದಿಟ್ಟುಕೊಳ್ಳುವುದು ಸಂಖ್ಯೆಯನ್ನು. ಪಟ್ಟಿಯಲ್ಲಿ ಆ ಸಂಖ್ಯೆಗೆ ಹೆಸರಿದ್ದರೆ ಹೆಸರು ತೋರಿಸುತ್ತದೆ. ಇಲ್ಲದಿದ್ದರೆ ಬರೀ ಸಂಖ್ಯೆ. ಕೆಲಸ ಬಿಟ್ಟು ಹೋದವರ ಫೈಲುಗಳು ಹೀಗೆಯೇ ಕಾಣುತ್ತವೆ: ಒಡೆಯನ ಜಾಗದಲ್ಲಿ ನಾಲ್ಕು ಅಂಕಿ.

ಶೆಟ್ಟರು ರಜೆಯ ಮೇಲೆ ಊರಿಗೆ ಹೋದರು. ಬರುವಾಗ ಮಾಲತಿಯ ಮತ್ತು ಮಗಳ ಪಾಸ್‌ಪೋರ್ಟ್ ಪ್ರತಿ ತರುವುದಿತ್ತು. ತಿಂಗಳ ಕೊನೆಯವರೆಗೆ ಫ್ಲ್ಯಾಟ್ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮಾಲೀಕ ಒಪ್ಪಿದ್ದ.

ಅವರು ಹೋದ ಮರುವಾರ, ಶನಿವಾರ ಬೆಳಿಗ್ಗೆ, ಹೊಸ ಸರ್ವರ್‌ನ ಡಿಸ್ಕ್ ತುಂಬಿ ಎಲ್ಲರ ಕೆಲಸ ನಿಂತಿತು. ನಾನು ತೆಗೆದುಹಾಕಬಹುದಾದ ಯಂತ್ರ ಹುಡುಕಿದೆ. ಐದನೆಯದು ಖಾಲಿ, ತೆಗೆದೆ. ಸಾಲಲಿಲ್ಲ. ಏಳನೆಯದು ಆರಿಸಿಟ್ಟಿತ್ತು, ಬಹಳ ಜಾಗ ಹಿಡಿದಿತ್ತು. ಒಡೆಯ ಯಾರು ಎಂದು ನೋಡಿದೆ: ಹೆಸರಿಲ್ಲ, ನಾಲ್ಕು ಅಂಕಿ. ನೋಟ್‌ಬುಕ್ ತೆರೆದೆ. ಶೆಟ್ಟರ ದುಂಡನೆಯ ಅಕ್ಷರದಲ್ಲಿ ಇತ್ತು: "೭ – ಕಾಣೆ".

ಒಡೆಯ ಕಾಣೆ. ನನಗೆ ಬೇರೆ ಯಾವ ಅರ್ಥವೂ ಹೊಳೆಯಲಿಲ್ಲ. ಯಾರೋ ಬಿಟ್ಟುಹೋದವರದು, ಶೆಟ್ಟರೂ ಹುಡುಕಿ ನೋಡಿದ್ದಾರೆ ಎಂದುಕೊಂಡೆ. ತೆಗೆದುಹಾಕಿದೆ. ನೋಟ್‌ಬುಕ್ಕಿನಲ್ಲಿ ಪಕ್ಕಕ್ಕೆ "ತೆಗೆದೆ" ಎಂದು ಬರೆದು ಸಹಿ ಮಾಡಿದೆ. ಜನರ ಕೆಲಸ ಮತ್ತೆ ಶುರುವಾಯಿತು, ನಾಲ್ಕು ಜನ ಧನ್ಯವಾದ ಹೇಳಿದರು. ಒಳ್ಳೆಯ ದಿನ ಎಂದೇ ಡೈರಿಯಲ್ಲಿದೆ.

ರವಿವಾರ ಬೆಳಿಗ್ಗೆ ನಾಸರ್ ನನ್ನ ಮೇಜಿನ ಹತ್ತಿರ ಬಂದರು. "ಶೂಫ್, ನೋಡಿಲ್ಲಿ, ಪ್ರಭಾಕರ್‌ನ ಬಾವಿಗಳ ಮಾದರಿ ತೆಗೆದುಕೊಡು. ಬುಧವಾರ ಗ್ರಾಹಕರಿಗೆ ತೋರಿಸಬೇಕು. ಹೋಗುವ ಮೊದಲು ಹೊಸ ಯಂತ್ರಕ್ಕೆ ಹಾಕಿದ್ದೇನೆ ಅಂದಿದ್ದ. ಅದೇನೋ ಮೀನಿನ ಹೆಸರಿಟ್ಟಿದ್ದಾನೆ."

"ಯಾವ ಮೀನು?" ಎಂದೆ.

"ನನಗೇನು ಗೊತ್ತು? ನಿಮ್ಮ ದೇಶದ ಮೀನು. ಖಾನೆಯೋ, ಕಾನೆಯೋ."

ಕರಾವಳಿಯ ಮಕ್ಕಳಿಗೂ ಗೊತ್ತಿರುವುದು ಐವತ್ತರ ಹತ್ತಿರದಲ್ಲಿದ್ದ ನನಗೆ ಆಗ ಗೊತ್ತಾಯಿತು. ಕಾಣೆ ಎಂಬುದು ಒಂದು ಮೀನು. ತೆಳ್ಳಗೆ ಉದ್ದಕ್ಕಿರುತ್ತದಂತೆ, ರವೆಯಲ್ಲಿ ಹೊರಳಿಸಿ ಹುರಿಯುತ್ತಾರಂತೆ. ಮತ್ರಾದಲ್ಲಿ ಅವರಿಗೆ ಅದು ಸಿಕ್ಕಿರಲಿಲ್ಲ. ಸಿಗದ ಮೀನಿನ ಹೆಸರನ್ನು ತಮ್ಮ ಯಂತ್ರಕ್ಕೆ ಇಟ್ಟುಕೊಂಡಿದ್ದರು. ನಾನು ಸ್ಥಿತಿ ಬರೆಯುವ ಕಡೆ ಅವರು ಹೆಸರು ಬರೆದಿದ್ದರು. ಒಡೆಯನ ಜಾಗದಲ್ಲಿ ಬರೀ ಅಂಕಿಯಿದ್ದದ್ದು ಅವರ ಹೆಸರನ್ನು ಹೊಸ ಸರ್ವರ್‌ಗೆ ನಾನು ಇನ್ನೂ ಸೇರಿಸದಿದ್ದರಿಂದ.

ಹಳೆಯ ಸರ್ವರ್‌ನಿಂದ ಆ ಫೈಲನ್ನು ಆಗಲೇ ಅಳಿಸಿಯಾಗಿತ್ತು. ಬ್ಯಾಕಪ್ ಟೇಪಿನಲ್ಲಿ ಆರು ವಾರ ಹಳೆಯ ಪ್ರತಿ ಇತ್ತು. ಅದರ ನಂತರದ್ದು ಯಾವುದೂ ಇಲ್ಲ.

ಏಳನೆಯದು ಸರ್ವರ್‌ನಲ್ಲಿಲ್ಲ ಎಂದಷ್ಟೇ ಹೇಳಿದೆ. ನಾಸರ್ ಕೇಳಿದರು, "ತೆಗೆದದ್ದು ಯಾರು? ಸರ್ವರ್‌ನ ದಾಖಲೆಯಲ್ಲಿ ಇರಬೇಕಲ್ಲ." ಇತ್ತು. ಆಜ್ಞೆ, ಗಂಟೆ, ನಿಮಿಷ, ನನ್ನ ಹೆಸರು ಎಲ್ಲ ಇತ್ತು. ಆ ದಾಖಲೆಯನ್ನು ಓದುವ ಅಧಿಕಾರ ಇದ್ದದ್ದು ನನಗೊಬ್ಬನಿಗೇ.

ಇಲ್ಲಿ ನೆನಪು ಮತ್ತು ಡೈರಿ ಬೇರೆಯಾಗುತ್ತವೆ. ನನ್ನ ನೆನಪಿನಲ್ಲಿ ನಾನು ಎದ್ದು ನಿಂತು, "ಉಸ್ತಾದ್, ನಾನೇ ತೆಗೆದೆ" ಎನ್ನುತ್ತೇನೆ. ನಾಸರ್ ನನ್ನ ಭುಜದ ಮೇಲೆ ಕೈ ಇಡುತ್ತಾರೆ. ಈ ಕಥೆಯನ್ನು ಆಮೇಲೆ ಎಷ್ಟೋ ಹೊಸಬರಿಗೆ ಹೇಳಿದ್ದೇನೆ: ತಪ್ಪಾದರೆ ಅವತ್ತೇ ಹೇಳಬೇಕು, ನೋಡಿ ನಾನು ಹೇಳಿದೆ ಎಂದು. ಡೈರಿಯಲ್ಲಿ ಇರುವುದು ಹೀಗೆ.

ರವಿವಾರ: "ನೋಡಿ ಹೇಳುತ್ತೇನೆ ಎಂದೆ. ಹೇಳಲಿಲ್ಲ."

ಸೋಮವಾರ: "ಇಂದೂ ಆಗಲಿಲ್ಲ. ಕಾಂಟ್ರಾಕ್ಟ್ ನವೀಕರಣ ಮುಂದಿನ ತಿಂಗಳು. ಈ ವರ್ಷ ಅನಘಾಳ ಬೋರ್ಡ್ ಪರೀಕ್ಷೆ. ಸುವರ್ಣಾ ಏನಾಗಿದೆ ಎಂದು ಎರಡು ಸಲ ಕೇಳಿದಳು. ಸೆಖೆ ಎಂದೆ."

ಮಂಗಳವಾರ: "ನಾಸರ್‌ಗೆ ಹೇಳಿದೆ. ತಡವಾಗಿತ್ತು."

ಆ ಮಂಗಳವಾರ ನಾಸರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಭುಜದ ಮೇಲೆ ಕೈ ಇಟ್ಟದ್ದು ಡೈರಿಯಲ್ಲಿಲ್ಲ. "ನಿನ್ನೆ ಪ್ರಭಾಕರ್‌ಗೆ ಫೋನ್ ಮಾಡಿದ್ದೆ," ಎಂದರು. "ಏಳನೆಯದು ಇಲ್ಲ ಅಂದೆ. ನೋಟ್‌ಬುಕ್ಕಿನಲ್ಲಿ ಏನಿದೆ ಅಂತ ಕೇಳಿದ. ನಿಮ್ಮ ಅಂಕಿ ನನಗೆ ಗೊತ್ತು, ಅಕ್ಷರ ಓದೋಕೆ ಬರುವುದಿಲ್ಲ. ಏಳರ ಮುಂದೆ ಎರಡು ಅಕ್ಷರ, ಅದರ ಪಕ್ಕ ಬೇರೆ ಕೈಬರಹ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಬರೆದದ್ದು ನಾನೇ, ತಪ್ಪು ನನ್ನದು ಅಂದ. ಅದನ್ನೇ ಸಾಹೇಬರಿಗೆ ತಿಳಿಸಿದೆ."

ಸಾಹೇಬರು ಸೋಮವಾರ ಸಂಜೆಯೇ ಪತ್ರ ಬರೆಸಿದ್ದರು. ನಿರ್ಲಕ್ಷ್ಯದ ಕಾರಣ ಪ್ರಭಾಕರ ಶೆಟ್ಟಿಯವರ ಫ್ಯಾಮಿಲಿ ಸ್ಟೇಟಸ್ ಒಂದು ವರ್ಷ ಮುಂದಕ್ಕೆ.

ನಾಸರ್ ಮತ್ತು ನಾನು ಸಾಹೇಬರ ಕೋಣೆಗೆ ಹೋದೆವು. ತೆಗೆದದ್ದು ನಾನು, ಶೆಟ್ಟರದೇನೂ ತಪ್ಪಿಲ್ಲ ಎಂದೆ. ಸಾಹೇಬರು ಬಹಳ ಮೃದುವಾಗಿ ಹೇಳಿದರು: "ಒಬ್ಬ ಬರೆದದ್ದು ನಾನು ಅಂತಾನೆ. ಒಬ್ಬ ಅಳಿಸಿದ್ದು ನಾನು ಅಂತಾನೆ. ಇಬ್ಬರೂ ನಿಜವೇ ಹೇಳುತ್ತಿದ್ದೀರಿ. ನೀವು ಇದನ್ನು ರವಿವಾರ ಹೇಳಿದ್ದರೆ ಹಿರೇಮಠ್ ಸಾಹಬ್, ಪತ್ರ ಬೇರೆ ಹೆಸರಿಗೆ ಹೋಗುತ್ತಿತ್ತು. ಈಗ ಖಲಾಸ್." ನನ್ನ ಕಡತದಲ್ಲೂ ಒಂದು ಎಚ್ಚರಿಕೆಯ ಪತ್ರ ಸೇರಿತು. ನನ್ನ ನವೀಕರಣ ಮಾತ್ರ ಸುಸೂತ್ರವಾಗಿ ಆಯಿತು.

ಶೆಟ್ಟರು ರಜೆ ಮುಗಿಸಿ ಬಂದ ದಿನ ಎದುರಿಸುವುದು ಹೇಗೆಂದು ತಿಳಿಯದೆ ಸರ್ವರ್ ಕೋಣೆಯಲ್ಲಿ ಕೂತಿದ್ದೆ. ಅವರೇ ಬಾಗಿಲು ತಳ್ಳಿಕೊಂಡು ಬಂದರು.

"ಎಂತ ಮಠ್ರೆ, ನನ್ನ ಕಾಣೆಯನ್ನು ತಿಂದೇ ಬಿಟ್ರಲ್ಲ! ವೆಜಿಟೇರಿಯನ್ ಅಂತ ನಂಬಿ ಬಿಟ್ಟು ಹೋಗಿದ್ದೆ."

ನನಗೆ ನಗು ಬರಲಿಲ್ಲ. "ಯಾಕ ಹಂಗ ಹೇಳಿದ್ರಿ ಶೆಟ್ರ? ತಪ್ಪು ನಿಮ್ಮದಲ್ಲಲ್ಲ."

"ಬರ್ದದ್ದು ನಾನೇ ಅಲ್ವಾ? ಸುಳ್ಳು ಎಂತ ಹೇಳ್ಲಿಲ್ಲ."

"ನಾ ಮಾಡಿದ್ದು ಅಂತ ನಿಮಗ ಗೊತ್ತಿತ್ತು."

"ಘಟ್ಟದ ಮೇಲಿನವರ ಎದುರು ಕಾಣೆ ಅಂತ ಬರೆದವನಿಗೆ ಬುದ್ಧಿ ಬೇಡವಾ? ಬಿಡಿ ಮಾರಾಯ್ರೆ. ಒಂದು ವರ್ಷ ಅಲ್ವಾ. ಅಕ್ಕ ಶುಕ್ರವಾರ ರೊಟ್ಟಿ ಮಾಡ್ತಾರಂತಾ?"

ಮಾದರಿಯನ್ನು ಮತ್ತೆ ಕಟ್ಟಲು ಆರು ವಾರ ಹಿಡಿಯಿತು. ನಾನು ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ. ಅವರು ಹಳೆಯ ಕಾಗದಗಳಿಂದ ಒಂದೊಂದು ಬಾವಿಯ ಆಳ ಓದುವುದು, ನಾನು ಟೈಪ್ ಮಾಡುವುದು. ಬಾವಿಗಳಿಗೆ ಮಾಲೀಕರ ಹೆಸರೇ ಇರುತ್ತಿತ್ತು. ಅವರ ಬಾಯಲ್ಲಿ ಆ ಅರಬ್ಬಿ ಹೆಸರುಗಳೆಲ್ಲ ತುಳುವಾಗುತ್ತಿದ್ದವು. ಹನ್ನೊಂದಕ್ಕೆ ಕಡಕ್ ಚಹಾ. ನಡುವೆ ನಾಸರ್ ಬಂದು, "ಇವತ್ತು ಯಾವ ಮೀನು?" ಎಂದು ಕೇಳಿ ಹೋಗುವರು. ತಪ್ಪಿತಸ್ಥನಾಗಿ ಕೂತ ಆ ಆರು ವಾರಗಳನ್ನೇ ನಾನು ಈಗ ಎಲ್ಲಕ್ಕಿಂತ ಹೆಚ್ಚು ಹಂಬಲಿಸುತ್ತೇನೆ. ಬೆಳಿಗ್ಗೆ ಎದ್ದು ಹೋಗಲು ಒಂದು ಕುರ್ಚಿ, ಅದರ ಪಕ್ಕದಲ್ಲಿ ಅವರ ಕುರ್ಚಿ. ಇದು ಸರಿಯೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ವಾರಗಳು ಅವರಿಗೆ ಏನಾಗಿದ್ದವು ಎಂಬುದು ನಮ್ಮ ಬಾಲ್ಕನಿಯ ಎದುರಿನ ಆ ಕಿಟಕಿಗೆ ಗೊತ್ತಿತ್ತು. ತಿಂಗಳ ಕೊನೆಗೆ ಆ ಫ್ಲ್ಯಾಟಿಗೆ ಬೇರೊಂದು ಸಂಸಾರ ಬಂತು. ಅಡುಗೆಮನೆಯ ಕಿಟಕಿಗೆ ಹಳದಿ ಪರದೆ. ಆ ಶುಕ್ರವಾರ ಶೆಟ್ಟರು ಬಾಲ್ಕನಿಗೆ ಹೋಗಲಿಲ್ಲ; ಡಬ್ಬಿಯನ್ನೂ ತಂದಿರಲಿಲ್ಲ. ಒಳಗೆ ನಮ್ಮ ಜೊತೆ ಕೂತು ಎಣಗಾಯಿಯಲ್ಲೇ ಊಟ ಮುಗಿಸಿದರು. ಸುವರ್ಣಾ ನೀಲಿ ಅಂಚಿನ ತಟ್ಟೆಯನ್ನು ಅಡುಗೆಮನೆಯ ತಟ್ಟೆಗಳ ಜೊತೆ ಸೇರಿಸಿಟ್ಟಳು.

ಕೆಲಸದ ರೀತಿ ಬದಲಾಯಿತು. ಯಾವ ಯಂತ್ರವನ್ನೂ ಒಬ್ಬನೇ ತೆಗೆಯುವ ಹಾಗಿಲ್ಲ, ಇನ್ನೊಬ್ಬರ ಸಹಿ ಬೇಕು ಎಂದು ನಾಸರ್ ನಿಯಮ ಮಾಡಿದರು. ತೆಗೆದದ್ದನ್ನೂ ತಿಂಗಳೊಪ್ಪತ್ತು ಬೇರೆ ಜಾಗದಲ್ಲಿ ಇಟ್ಟು ಆಮೇಲೆ ಅಳಿಸುವುದು. ಹೆಸರಿಗೆ ಒಂದು ಅಂಕಣ, ಸ್ಥಿತಿಗೆ ಇನ್ನೊಂದು. ನಾನು ಕೇಳಿಕೊಂಡು ಮಾಡಿಸಿದ್ದು ಒಂದೇ: ದಾಖಲೆಯ ಪ್ರತಿ ಆಗಿಂದಾಗಲೇ ನಾಸರ್ ಅವರ ಕಂಪ್ಯೂಟರಿಗೂ ಹೋಗಬೇಕು, ಅಲ್ಲಿ ಅದನ್ನು ಮುಟ್ಟುವ ಅಧಿಕಾರ ನನಗಿರಬಾರದು. ಈ ಕೆಲಸಕ್ಕೆ ಹೋಗುವವರು ಉಳಿದದ್ದು ಮರೆತರೂ ಇದನ್ನು ಮರೆಯಬಾರದು. ಕೀಲಿಕೈ ಕಾಯುವವನನ್ನು ನೋಡುವ ಕಣ್ಣು ಇನ್ನೊಂದಿರಲಿ. ಅದು ಬೇಕಾಗಿರುವುದು ಅವನಿಗೇ.

ಒಂದು ವರ್ಷ ಕಳೆಯುವುದರೊಳಗೆ ಸಂಸ್ಥೆಗೆ ಕೆಲಸ ಕಡಿಮೆಯಾಯಿತು. ಹೊಸದಾಗಿ ಯಾರಿಗೂ ಫ್ಯಾಮಿಲಿ ಸ್ಟೇಟಸ್ ಇಲ್ಲ ಎಂದು ಸುತ್ತೋಲೆ ಬಂತು. ಶೆಟ್ಟರು ಕಾಂಟ್ರಾಕ್ಟ್ ಮುಗಿಯುವವರೆಗೆ ಇದ್ದು ಊರಿಗೆ ಹೊರಟುಬಿಟ್ಟರು. ಮಾಲತಿ ಆ ಕಿಟಕಿಯಿಂದ ಯಾವ ಬಸ್ಸನ್ನೂ ನೋಡಲಿಲ್ಲ.

ಯಾರಾದರೂ ಬಿಟ್ಟು ಹೋದರೆ ವೀಸಾ ರದ್ದಾದ ದಿನವೇ ಅವರ ಹೆಸರನ್ನು ಸರ್ವರ್‌ನಿಂದ ಅಳಿಸಬೇಕು. ಶೆಟ್ಟರ ಹೆಸರಿನ ಮುಂದೆ ಆಜ್ಞೆ ಟೈಪ್ ಮಾಡಿ ಕೂತೆ. ಅಳಿಸಿದರೆ ಅವರು ಕಟ್ಟಿದ ಎಲ್ಲ ಮಾದರಿಗಳ ಒಡೆಯನ ಜಾಗದಲ್ಲಿ ಮತ್ತೆ ಅದೇ ನಾಲ್ಕು ಅಂಕಿ. ಅಳಿಸಲಿಲ್ಲ. ಬೀಗ ಹಾಕಿದೆ, ಒಳಗೆ ಬರಲು ಸಾಧ್ಯವಿಲ್ಲ ಎಂದಷ್ಟೇ ಮಾಡಿದೆ, ಹೆಸರು ಉಳಿಸಿದೆ. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದು ಎರಡನೇ ಸಹಿಗೆ ನಾಸರ್ ಹತ್ತಿರ ಒಯ್ದೆ.

"ಇದು ನಿಯಮ ಅಲ್ಲ," ಎಂದರು.

"ಹೌದು."

ಆದರೂ ಸಹಿ ಹಾಕಿದರು. "ನೀರು ತಿರುಗಿಸುವುದಿಲ್ಲವಲ್ಲ. ಇರಲಿ." ನಾನು ಅಲ್ಲಿನ ಕೆಲಸ ಬಿಡುವ ದಿನ ಕೊನೆಯ ಬಾರಿ ಪಟ್ಟಿ ತೆಗೆದು ನೋಡಿದೆ. ಹೆಸರು ಇತ್ತು.

ಇಷ್ಟು ಬರೆದ ಮೇಲೆ, ಕಳೆದ ವಾರ ಶೆಟ್ಟರಿಗೆ ಫೋನ್ ಮಾಡಿದೆ. ವರ್ಷಕ್ಕೊಮ್ಮೆ ಯುಗಾದಿಗೆ ಮಾತಾಡುವುದುಂಟು. ಈ ವಿಷಯವನ್ನು ಇಬ್ಬರೂ ಎತ್ತುತ್ತಿರಲಿಲ್ಲ.

"ಶೆಟ್ರ, ಇಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ನಮ್ಮ ಕೆಲಸದ ಬಗ್ಗೆ ಬರಿಯಾಕತ್ತೀನಿ. ಆ ಏಳನೇ ಯಂತ್ರ ನೆನಪದ ಏನ್ರಿ?"

"ಕಾಣೆಯಾ? ನಿನ್ನೆ ಕೂಡ ತಿಂದೆ!" ಎಂದು ನಕ್ಕರು. ಹಿಂದೆ ಎಲ್ಲೋ ಕುಕ್ಕರ್ ಸೀಟಿ ಹಾಕಿತು.

"ನಾ ಎಲ್ಲಾರಿಗೂ ಅವತ್ತ ಹೇಳಿದೆ ಅಂತ ಹೇಳಿಕೋತ ಬಂದೀನಿ. ಡೈರಿ ತಗದು ನೋಡಿದೆ. ಎರಡು ದಿನಾ ಸುಮ್ಮ ಕೂತಿದ್ದೆ. ಅದರಾಗ ನಿಮ್ಮ ಪತ್ರ ಹೋತು. ಇದನ್ನ ನಿಮಗ ನಾ ಯಾವತ್ತೂ ಹೇಳಿಲ್ಲ."

ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ನಾಸರ್ ಹೇಳಿದ್ದ ಆ ಮೌನ ಇದೇ ಇರಬೇಕು ಎಂದುಕೊಂಡೆ.

"ಎಂತ ಎರಡು ದಿನ ಮಠ್ರೆ? ನೀವು ರವಿವಾರವೇ ನನಗೆ ಫೋನ್ ಮಾಡಿದ್ರಲ್ಲ. ನೀವು ಹೇಳಿದ ಮೇಲೆಯೇ ನಾನು ನಾಸರ್ ಹತ್ರ ಮಾತಾಡಿದ್ದು. ನನಗೆ ಸರೀ ನೆನಪುಂಟು."

ಡೈರಿಯಲ್ಲಿ ಅಂಥ ಫೋನ್ ಇಲ್ಲ. ನೆನಪಿನಲ್ಲೂ ಇಲ್ಲ.

"ಇಲ್ರಿ ಶೆಟ್ರ. ನಾ ಫೋನ್ ಮಾಡಿಲ್ಲ."

"ಮಾಡಿದ್ರಿ ಮಾರಾಯ್ರೆ. ವಯಸ್ಸಾಯ್ತು ನಿಮಗೆ. ಮಕ್ಕಳಿಗೆ ಬರೆಯುವುದಲ್ವಾ? ಹಾಗೇ ಬರೀರಿ."

ಹಾಗೆ ಬರೆದಿಲ್ಲ. ಈ ಸಲ ಬರೆದದ್ದು ನಾನು, ತಪ್ಪು ನನ್ನದು.